ಹಗರಣವೂ ಮತಪೆಟ್ಟಿಗೆಯೂ

ಹಗರಣವೊಂದು ಬಯಲಿಗೆ ಬಂದ ಮರುದಿನವೇ, ಸಂಬಂಧಪಟ್ಟ ಪಕ್ಷವು ಬರಲಿರುವ ಚುನಾವಣೆಯಲ್ಲಿ ನೆಲಕಚ್ಚುವುದು ಖಂಡಿತವೆಂದು ಭವಿಷ್ಯ ನುಡಿಯುವುದು ನಮ್ಮ ದೇಶದ ಪತ್ರಿಕಾಕರ್ತರ ಹಳೆಯ ರೂಢಿ. ಎಣಿಕೆಯ ದಿನ ಆ ಭವಿಷ್ಯವು ಸುಳ್ಳಾಯಿತೆಂದರೆ, ಜನರಿಗೆ ನೀತಿ ಅನೀತಿಗಳ ಪರಿವೆಯೇ ಇಲ್ಲವೆಂದು ಮತದಾರರನ್ನು ದೂರುವುದು ಅದಕ್ಕಿಂತಲೂ ಹಳೆಯ ರೂಢಿ. ಈ ಎರಡೂ ಮಾತುಗಳು ಅವಸರದವೆಂದು ನಮ್ಮ ಅಭಿಪ್ರಾಯ. ಮತದಾರನು ಹಗರಣವನ್ನು ಮರೆಯುವವನೂ ಅಲ್ಲ, ಹಗರಣದ ಸುದ್ದಿಯನ್ನು ಓದಿದ ಮಾತ್ರಕ್ಕೆ ಪಕ್ಷ ಬದಲಾಯಿಸುವವನೂ ಅಲ್ಲ. ಅವನ ಲೆಕ್ಕವೇ ಬೇರೆ. ಆ ಲೆಕ್ಕವನ್ನು ಬಿಡಿಸಿ ನೋಡಲು ಕಲ್ಕತ್ತೆಯಲ್ಲಿರುವ ಕನ್ನಡಿಗರಿಗೆ ಒಂದು ವಿಶೇಷ ಅನುಕೂಲವಿದೆ. ನಾವು ಉಣ್ಣುವುದು ಇಲ್ಲಿಯ ಅನ್ನ. ನಮ್ಮ ಮನೆಯ ಹೆಂಚು, ವಯಸ್ಸಾದ ತಂದೆತಾಯಿಗಳು, ನಮ್ಮಲ್ಲಿ ಅನೇಕರ ಮತದ ಗುರುತಿನ ಚೀಟಿಯೂ ಸಹ ಇರುವುದು ಅಲ್ಲಿ. ಎರಡು ರಾಜ್ಯಗಳ ಹಗರಣಗಳನ್ನೂ ಎರಡು ರಾಜ್ಯಗಳ ಫಲಿತಾಂಶಗಳನ್ನೂ ಒಂದೇ ಮೇಜಿನ ಮೇಲೆ ಹರಡಿಕೊಂಡು ನೋಡುವ ಅಭ್ಯಾಸ ನಮಗೆ ತಾನಾಗಿಯೇ ಬಂದಿದೆ.

ಸ್ವತಂತ್ರ ಭಾರತದ ಮೊದಮೊದಲ ದೊಡ್ಡ ಹಗರಣಗಳಲ್ಲೊಂದು ಈ ನಗರದಿಂದಲೇ ಎದ್ದುದು. ಕಲ್ಕತ್ತೆಯ ವ್ಯಾಪಾರಿ ಹರಿದಾಸ ಮುಂಧ್ರಾ ಎಂಬವರು ಜೆಸಪ್ ಮೊದಲಾದ ಹಳೆಯ ಇಂಗ್ಲಿಷ್ ಕಂಪನಿಗಳನ್ನು ಸಾಲದ ಬಲದಿಂದ ಕೈವಶಮಾಡಿಕೊಂಡು, ಆ ಸಾಲದ ಹೊರೆಯನ್ನು ಹೊರಲಾರದೆ ತೊಳಲುತ್ತಿದ್ದರು. ಆಗ, 1957ರ ಜೂನ್ ತಿಂಗಳಲ್ಲಿ, ಹುಟ್ಟಿ ವರ್ಷವೂ ತುಂಬದಿದ್ದ ಜೀವ ವಿಮಾ ನಿಗಮವು ಅವರ ಆರು ಕಂಪನಿಗಳ ಷೇರುಗಳನ್ನು ಸುಮಾರು ಒಂದೂಕಾಲು ಕೋಟಿ ರೂಪಾಯಿ ತೆತ್ತು ಕೊಂಡಿತು. ಅದೇ ಡಿಸೆಂಬರಿನಲ್ಲಿ ಫಿರೋಜ್ ಗಾಂಧಿಯವರು, ಆಳುತ್ತಿರುವುದು ತಮ್ಮ ಮಾವನವರ ಸರ್ಕಾರವೆಂಬ ದಾಕ್ಷಿಣ್ಯಕ್ಕೆ ಒಳಗಾಗದೆ, ಲೋಕಸಭೆಯಲ್ಲಿ ಈ ವ್ಯವಹಾರವನ್ನು ಎಳೆಎಳೆಯಾಗಿ ಬಿಡಿಸಿಟ್ಟರು. ನ್ಯಾಯಮೂರ್ತಿ ಛಾಗ್ಲಾ ಅವರ ಏಕಸದಸ್ಯ ಆಯೋಗವು ಬಹಿರಂಗವಾಗಿ ವಿಚಾರಣೆ ನಡೆಸಿ ಕೆಲವೇ ವಾರಗಳಲ್ಲಿ ವರದಿ ಕೊಟ್ಟಿತು. 1958ರ ಫೆಬ್ರವರಿಯಲ್ಲಿ ಅರ್ಥಮಂತ್ರಿ ಟಿ. ಟಿ. ಕೃಷ್ಣಮಾಚಾರಿಯವರು ರಾಜೀನಾಮೆ ಕೊಡಬೇಕಾಯಿತು. ಇಷ್ಟು ಶೀಘ್ರವಾಗಿ ಒಂದು ವಿಚಾರಣೆ ಮುಗಿದು, ಒಬ್ಬ ಮಂತ್ರಿ ಮನೆಗೆ ಹೋದ ಉದಾಹರಣೆ ಮುಂದೆ ಹೆಚ್ಚಾಗಿ ಕಾಣಸಿಗುವುದಿಲ್ಲ.

ಹೀಗಿದ್ದರೂ 1962ರ ಸಾರ್ವತ್ರಿಕ ಚುನಾವಣೆಯಲ್ಲಿ ನಡೆದುದೇನು? ಕಾಂಗ್ರೆಸ್ಸು 494 ಸ್ಥಾನಗಳಲ್ಲಿ 361ನ್ನು ಗೆದ್ದಿತು. ಕೃಷ್ಣಮಾಚಾರಿಯವರು ತಿರುಚೆಂದೂರಿನಿಂದ ಅವಿರೋಧವಾಗಿ ಆಯ್ಕೆಯಾದರು. ಮರುವರ್ಷ ಪುನಃ ಅರ್ಥಮಂತ್ರಿಗಳೂ ಆದರು. ಮುಂಧ್ರಾ ವ್ಯವಹಾರದಿಂದ ನಿಗಮಕ್ಕೆ ನಷ್ಟವಾದುದು ನಿಜ. ಆದರೆ ಯಾವನೊಬ್ಬ ಪಾಲಿಸಿದಾರನ ಪಾಲಿಸಿಯೂ ಅದರಿಂದ ಮುಳುಗಲಿಲ್ಲ. ಎಲ್ಲರ ಹಣವೆಂದರೆ ಯಾರ ಹಣವೂ ಅಲ್ಲವೆಂಬ ಮನೋಭಾವವು ನಮ್ಮಲ್ಲಿ ಬಹಳ ಹಿಂದಿನದು.

ಐವತ್ತೈದು ವರ್ಷಗಳ ತರುವಾಯ ಇದೇ ನಗರದಲ್ಲಿ ಎದ್ದ ಶಾರದಾ ಹಗರಣದ ಬಗೆ ಹಾಗಲ್ಲ. ಅಲ್ಲಿ ಹೋದುದು ಬಡವರ ಕೈಯಿಂದಲೇ ಹೋದ ಹಣ. ಶ್ರೀ ರಾಮಕೃಷ್ಣರ ಧರ್ಮಪತ್ನಿ ಶಾರದಾದೇವಿಯವರ ಪುಣ್ಯನಾಮವನ್ನು ಇಟ್ಟುಕೊಂಡ ಈ ಕಂಪನಿಯು ಪತ್ರಿಕೆಗಳನ್ನೂ ಟೆಲಿವಿಷನ್ ವಾಹಿನಿಗಳನ್ನೂ ಕೊಂಡಿತು. ಮೋಹನ್ ಬಗಾನ್ ಮತ್ತು ಈಸ್ಟ್ ಬೆಂಗಾಲ್ ಎಂಬ ಬದ್ಧ ಎದುರಾಳಿ ಫುಟ್‌ಬಾಲ್ ಸಂಘಗಳಿಗೆ ಏಕಕಾಲದಲ್ಲಿ ಪೋಷಕನಾಯಿತು. ಹಳ್ಳಿಹಳ್ಳಿಗಳಲ್ಲಿ ಏಜೆಂಟರನ್ನು ನೇಮಿಸಿ, ಅಂಚೆ ಕಚೇರಿಗಿಂತ ಹೆಚ್ಚು ಬಡ್ಡಿ ಕೊಡುವೆನೆಂದು ದಿನಗೂಲಿಯವರ ಉಳಿತಾಯವನ್ನೆಲ್ಲ ಗುಡಿಸಿಕೊಂಡಿತು. ಇಂದು ಬಂದವನ ಹಣದಿಂದ ನಿನ್ನೆ ಬಂದವನಿಗೆ ಬಡ್ಡಿ ಕೊಡುವುದೇ ಅದರ ವ್ಯಾಪಾರ. ಹೊಸಬರು ಬರುವುದು ನಿಧಾನವಾದ ದಿನ ಇಂಥ ಅಂಗಡಿಯ ಬಾಗಿಲು ಮುಚ್ಚಲೇಬೇಕು. 2013ರ ಏಪ್ರಿಲಿನಲ್ಲಿ ಮುಚ್ಚಿತು. ಯಜಮಾನ ಸುದೀಪ್ತ ಸೇನರು ಕಾಶ್ಮೀರದ ಸೋನಾಮಾರ್ಗದಲ್ಲಿ ಸೆರೆಸಿಕ್ಕಿದರು. ಬಂಗಾಳದಲ್ಲಿ ಇಂಥ ಕಂಪನಿಗಳನ್ನೆಲ್ಲ ಚಿಟ್ ಫಂಡ್ ಎಂದು ಕರೆಯುವುದು ವಾಡಿಕೆ. ನಮ್ಮೂರಿನ ಚೀಟಿಗೂ ಇದಕ್ಕೂ ಏನೇನೂ ಸಂಬಂಧವಿಲ್ಲ. ನಮ್ಮ ಚೀಟಿಯಲ್ಲಿ ಇಪ್ಪತ್ತು ಜನ ಒಬ್ಬರ ಮುಖವನ್ನೊಬ್ಬರು ಬಲ್ಲವರು ಕುಳಿತು ಸವಾಲು ಕೂಗುತ್ತಾರೆ; ಅದಕ್ಕೊಂದು ಕಾನೂನೂ ಇದೆ.

ಆಗ ನಾವು ಪತ್ರಿಕೆಯ ಕೆಲಸಕ್ಕೆ ಕೈಹಾಕಿರಲಿಲ್ಲ. ಹೋಟೆಲಿನ ಗಲ್ಲಾದ ಮೇಲೆ ಕುಳಿತಿದ್ದೆವು. ಅಂಥದೇ ಇನ್ನೊಂದು ಕಂಪನಿಯ (ಹೆಸರು ಬೇಡ) ಏಜೆಂಟನೊಬ್ಬನು ನಮ್ಮಲ್ಲಿ ದಿನವೂ ಬೆಳಿಗ್ಗೆ ಇಡ್ಲಿ ತಿನ್ನುವ ಗಿರಾಕಿ. ತಿಂದು ಕೈತೊಳೆದು, ಅಡಿಗೆಮನೆಯ ಬಾಗಿಲಲ್ಲಿ ನಿಂತು, ದೋಸೆ ಹುಯ್ಯುವವನಿಂದ ಇಪ್ಪತ್ತು, ಮಾಣಿಗಳಿಂದ ಹತ್ತು ಹತ್ತು ರೂಪಾಯಿ ವಸೂಲು ಮಾಡಿ, ಸಣ್ಣ ಪುಸ್ತಕದಲ್ಲಿ ಬರೆದುಕೊಂಡು ಹೋಗುತ್ತಿದ್ದ. ಬ್ಯಾಂಕಿಗೆ ಹೋಗಲು ಹೋಟೆಲಿನ ಹುಡುಗರಿಗೆ ಬಿಡುವೆಲ್ಲಿ? ಬ್ಯಾಂಕು ತೆರೆಯುವ ಹೊತ್ತಿಗೆ ಊಟದ ಗಲಾಟೆ. ಹೀಗೆ ಮೂರು ವರ್ಷ ಕಟ್ಟಿದ ಹಣ ಒಂದು ವಾರದಲ್ಲಿ ಗಾಳಿಗೆ ಹೋಯಿತು. ಏಜೆಂಟನೂ ಮನೆಗೆ ಬೀಗ ಹಾಕಿ ಎಲ್ಲಿಗೋ ಹೊರಟುಹೋದ. ಅವನ ಸ್ವಂತ ಅತ್ತೆಯ ಹಣವೂ ಅದರಲ್ಲಿತ್ತೆಂದು ನಂತರ ತಿಳಿಯಿತು. ಮರುವರ್ಷ ಲೋಕಸಭಾ ಚುನಾವಣೆಯ ಭಾಷಣಗಳು ಬೀದಿಬೀದಿಯಲ್ಲಿ ಮೊಳಗುತ್ತಿದ್ದಾಗ, ದೋಸೆಯ ಹುಡುಗನನ್ನು ನಾವು, “ನೀನು ಯಾರ ಮೇಲೆ ಸಿಟ್ಟು ತೀರಿಸುತ್ತೀ?” ಎಂದು ಕೇಳಿದೆವು. ಅವನು ಕಾವಲಿಯಿಂದ ಕಣ್ಣೆತ್ತದೆ, “ಯಾರ ಮೇಲೆ ತೀರಿಸುವುದು ಧಣಿ? ನನ್ನ ವೋಟು ಕುಂದಾಪುರದಲ್ಲಿದೆ” ಎಂದ.

ಈ ಮಾತನ್ನು ವಾಚಕರು ಸ್ವಲ್ಪ ಗಮನದಲ್ಲಿಟ್ಟುಕೊಳ್ಳಬೇಕು. ಬಂಗಾಳದ ಹಗರಣದಲ್ಲಿ ಅವನು ಕಳೆದುಕೊಂಡ ಹಣವು ಬಂಗಾಳದ ಯಾವ ಮತಗಟ್ಟೆಯಲ್ಲಿಯೂ ಲೆಕ್ಕಕ್ಕೆ ಬರಲಿಲ್ಲ. ಕುಂದಾಪುರದ ಉಮೇದುವಾರರಿಗೆ ಆ ಹಣದ ಗೊಡವೆಯೇ ಇಲ್ಲ. ಒಬ್ಬನು ಎರಡು ಕಡೆ ಮತದಾರನಾಗುವುದನ್ನು 1950ರ ಪ್ರಜಾಪ್ರಾತಿನಿಧ್ಯ ಕಾಯಿದೆಯು ನಿಷೇಧಿಸುತ್ತದೆ; ಅದು ಸರಿಯೇ. ಆದರೆ ವಾಸವೊಂದು ಕಡೆ, ಮತವೊಂದು ಕಡೆ ಇರುವ ಲಕ್ಷಾಂತರ ಕೂಲಿಕಾರರು, ಅಡಿಗೆಯವರು, ಕಾರಕೂನರು ಈ ದೇಶದಲ್ಲಿರುವಾಗ, ಯಾವ ಊರಿನ ಹಗರಣದಲ್ಲಿಯೂ ಕೆಟ್ಟವರ ಒಂದು ಭಾಗವು ಆ ಊರಿನ ಚುನಾವಣೆಯ ಹೊರಗೇ ಉಳಿದುಬಿಡುತ್ತದೆ. 2025ರ ನವೆಂಬರಿನಲ್ಲಿ ಬಂಗಾಳದಲ್ಲಿ ಮತದಾರರ ಪಟ್ಟಿಯ ವಿಶೇಷ ಪರಿಷ್ಕರಣೆ ಆರಂಭವಾದಾಗ, ಹೆಸರನ್ನು ಇಲ್ಲಿಡುವುದೋ ಅಲ್ಲಿಡುವುದೋ ಎಂಬ ಪ್ರಶ್ನೆ ಹೊರಗಿನಿಂದ ಬಂದ ಬಹು ಕುಟುಂಬಗಳಿಗೆ ಎದುರಾಯಿತು. ಅದು ಬರಿಯ ಕಾಗದದ ಪ್ರಶ್ನೆಯಲ್ಲವೆಂಬುದಕ್ಕೆ ಈ ದೋಸೆಯ ಹುಡುಗನ ಮಾತೇ ಸಾಕ್ಷಿ.

ಇನ್ನು ಬಂಗಾಳದಲ್ಲಿ ಮತವಿದ್ದವರು ಏನು ಮಾಡಿದರು? ಕಂಪನಿ ಮುಳುಗಿದ ಆರೇ ವಾರಕ್ಕೆ ಹೌರಾ ಲೋಕಸಭಾ ಸ್ಥಾನಕ್ಕೆ ಉಪಚುನಾವಣೆ ನಡೆಯಿತು. ತೃಣಮೂಲ ಕಾಂಗ್ರೆಸ್ಸಿನ ಪ್ರಸೂನ್ ಬ್ಯಾನರ್ಜಿಯವರು ಗೆದ್ದರು. ಜುಲೈ ತಿಂಗಳಿನ ಪಂಚಾಯತಿ ಚುನಾವಣೆಯಲ್ಲಿ ಆಳುವ ಪಕ್ಷವು 17 ಜಿಲ್ಲಾ ಪರಿಷತ್ತುಗಳಲ್ಲಿ 13ನ್ನು ಹಿಡಿಯಿತು. 2014ರ ಮೇ 9ರಂದು, ಕೊನೆಯ ಹಂತದ ಮತದಾನಕ್ಕೆ ಮೂರು ದಿನವಿರುವಾಗ, ಸುಪ್ರೀಂ ಕೋರ್ಟು ಶಾರದಾ ಮೊಕದ್ದಮೆಗಳನ್ನು ಸಿ.ಬಿ.ಐ.ಗೆ ಒಪ್ಪಿಸಿತು. ವಿರೋಧಿಗಳ ಕೈಗೆ ಇದಕ್ಕಿಂತ ಒಳ್ಳೆಯ ಅಸ್ತ್ರ ಯಾವ ಮುಹೂರ್ತದಲ್ಲಿ ದೊರೆಯಬೇಕು? ಆದರೆ ತೃಣಮೂಲ ಕಾಂಗ್ರೆಸ್ಸು 42ರಲ್ಲಿ 34 ಸ್ಥಾನಗಳನ್ನು ಗೆದ್ದಿತು.

ಜನರಿಗೆ ನೀತಿಯಿಲ್ಲವೆನ್ನುವ ಮಹನೀಯರು ಇಲ್ಲಿ ಅಂಕಿಗಳನ್ನು ಸರಿಯಾಗಿ ನೋಡಬೇಕು. ಆ 34 ಸ್ಥಾನಗಳು ಬಂದುದು ನೂರಕ್ಕೆ 40ಕ್ಕೂ ತುಸು ಕಡಿಮೆ ಮತಗಳಿಂದ. ಉಳಿದ 60 ಮತಗಳು ಎಡಪಕ್ಷಗಳಿಗೆ 30, ಭಾರತೀಯ ಜನತಾ ಪಕ್ಷಕ್ಕೆ 17, ಕಾಂಗ್ರೆಸ್ಸಿಗೆ ಸುಮಾರು 10 ಎಂಬಂತೆ ಹರಿದು ಹಂಚಿಹೋದವು. ಎಡಪಕ್ಷಗಳು ಮೂವತ್ತನಾಲ್ಕು ವರ್ಷ ಆಳಿ ಆಗತಾನೇ ಇಳಿದಿದ್ದವು. ಅವರನ್ನು ಪುನಃ ಕರೆತರಲು ಜನರು ಸಿದ್ಧರಿರಲಿಲ್ಲ. ಇತ್ತ ಸರ್ಕಾರವು ಸುಮ್ಮನೆ ಕುಳಿತಿರಲೂ ಇಲ್ಲ. ನ್ಯಾಯಮೂರ್ತಿ ಶ್ಯಾಮಲ್ ಸೇನ್ ಆಯೋಗವನ್ನು ನೇಮಿಸಿ, ತಂಬಾಕಿನ ಮೇಲೆ ತೆರಿಗೆಯೇರಿಸಿ, 500 ಕೋಟಿ ರೂಪಾಯಿಯ ಪರಿಹಾರ ನಿಧಿಯನ್ನು ಘೋಷಿಸಿತು. ಬೀಡಿ ಸೇದುವವನು ಹಣ ಕಳೆದುಕೊಂಡವನಿಗೆ ತೆರಿಗೆ ಕೊಡಬೇಕಾಯಿತು. ಇಬ್ಬರೂ ಹಲವೊಮ್ಮೆ ಒಬ್ಬನೇ. ಆಯೋಗಕ್ಕೆ ಹದಿನೇಳು ಲಕ್ಷಕ್ಕೂ ಮಿಕ್ಕಿ ಅರ್ಜಿಗಳು ಬಂದವು. ಅರ್ಜಿ ಕೊಟ್ಟವನು ಚೆಕ್ಕಿನ ಆಸೆಯಲ್ಲಿರುತ್ತಾನೆ. ಚೆಕ್ಕು ಬರೆಯಬೇಕಾದ ಕೈಯನ್ನು ಅವನು ಮುರಿಯುವನೇ?

ಹೋಟೆಲು ನಡೆಸಿದವರಿಗೆ ಇದು ಸುಲಭವಾಗಿ ಅರ್ಥವಾಗುವ ಸಂಗತಿ. ಇಂಥ ಹೋಟೆಲಿನ ಅಡಿಗೆಮನೆ ಕೊಳಕಾಗಿದೆಯೆಂದು ಬೀದಿಯೆಲ್ಲ ಆಡಿಕೊಂಡರೂ ಗಿರಾಕಿ ಕೂಡಲೇ ಬರುವುದನ್ನು ಬಿಡುವುದಿಲ್ಲ. ತನ್ನ ಎಲೆಯ ಅನ್ನದಲ್ಲಿಯೇ ಕಲ್ಲು ಸಿಕ್ಕಬೇಕು. ಸಿಕ್ಕಿದ ಮೇಲೂ ಎದುರುಸಾಲಿನಲ್ಲಿ ಇನ್ನೊಂದು ಹೋಟೆಲು ತೆರೆದಿರಬೇಕು. ತೆರೆದಿದ್ದರೂ ಅದರ ಅಡಿಗೆಮನೆ ಇದಕ್ಕಿಂತ ಚೊಕ್ಕಟವೆಂದು ಅವನಿಗೆ ನಂಬಿಕೆಯಾಗಬೇಕು. ಇಷ್ಟೂ ಕೂಡಿಬರುವುದು ಅಪರೂಪ. ಇನ್ನೊಂದು ವಿಷಯವನ್ನೂ ನಾವು ಈ ವ್ಯಾಪಾರದಲ್ಲಿಯೇ ಕಂಡದ್ದು. ದೊಡ್ಡ ಹೋಟೆಲುಗಳು ಮುಚ್ಚುವುದು ಸಾಮಾನ್ಯವಾಗಿ ಗಿರಾಕಿ ಬಿಟ್ಟುಹೋದುದರಿಂದಲ್ಲ, ಪಾಲುದಾರರು ಜಗಳವಾಡಿದುದರಿಂದ.

ಪಾಲುದಾರರ ಜಗಳವೆಂದರೇನೆಂಬುದಕ್ಕೆ ನಮ್ಮ ಕರ್ನಾಟಕದ 2013ರ ಚುನಾವಣೆಗಿಂತ ಒಳ್ಳೆಯ ಉದಾಹರಣೆ ಬೇಡ. 2011ರ ಜುಲೈಯಲ್ಲಿ ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ ಹೆಗ್ಡೆಯವರು ಬಳ್ಳಾರಿಯ ಅಕ್ರಮ ಗಣಿಗಾರಿಕೆಯ ಮೇಲೆ ಕೊಟ್ಟ ವರದಿಯು ರಾಜ್ಯದ ಬೊಕ್ಕಸಕ್ಕೆ 16,085 ಕೋಟಿ ರೂಪಾಯಿ ನಷ್ಟವಾಯಿತೆಂದು ಹೇಳಿತು. ಮುಖ್ಯಮಂತ್ರಿ ಯಡಿಯೂರಪ್ಪನವರು ರಾಜೀನಾಮೆ ಕೊಟ್ಟರು. ಅಕ್ಟೋಬರಿನಲ್ಲಿ, ಜಮೀನಿನ ವ್ಯವಹಾರದ ಬೇರೊಂದು ಮೊಕದ್ದಮೆಯಲ್ಲಿ, ಸೆರೆಮನೆಯನ್ನೂ ಕಂಡರು. ಅದಕ್ಕೆ ಹಿಂದಿನ ವರ್ಷ ಸಿದ್ಧರಾಮಯ್ಯನವರು ಬೆಂಗಳೂರಿನಿಂದ ಬಳ್ಳಾರಿಗೆ ಪಾದಯಾತ್ರೆ ನಡೆಸಿದ್ದರು. 2013ರಲ್ಲಿ ಭಾರತೀಯ ಜನತಾ ಪಕ್ಷವು 110 ಸ್ಥಾನಗಳಿಂದ 40ಕ್ಕೆ ಇಳಿಯಿತು, ಕಾಂಗ್ರೆಸ್ಸು 122 ಗೆದ್ದು ಗದ್ದುಗೆಯೇರಿತು. ಲಂಚಕೋರತನದ ವಿರುದ್ಧ ಕನ್ನಡಿಗರು ತೀರ್ಪಿತ್ತರೆಂದು ಪತ್ರಿಕೆಗಳು ಕೊಂಡಾಡಿದವು.

ಮತಗಳ ಪ್ರಮಾಣವನ್ನು ನೋಡಿದರೆ ಚಿತ್ರ ಬೇರೆಯಾಗಿ ಕಾಣುತ್ತದೆ. 2008ಕ್ಕೂ 2013ಕ್ಕೂ ಮಧ್ಯೆ ಕಾಂಗ್ರೆಸ್ಸಿನ ಮತಗಳು ಏರಿದುದು ನೂರಕ್ಕೆ ಎರಡಕ್ಕೂ ಕಡಿಮೆ. ಸುಮಾರು 34ರಷ್ಟಿದ್ದ ಭಾಜಪದ ಮತಗಳು 20ಕ್ಕೆ ಕುಸಿದುದು ನಿಜ. ಆದರೆ ಕುಸಿದುವುಗಳಲ್ಲಿ ಸುಮಾರು 10 ಮತಗಳನ್ನು ಸ್ವತಃ ಯಡಿಯೂರಪ್ಪನವರ ಕರ್ನಾಟಕ ಜನತಾ ಪಕ್ಷವು, ಮತ್ತೆರಡು ಮೂರನ್ನು ಶ್ರೀರಾಮುಲು ಅವರ ಪಕ್ಷವು ತೆಗೆದುಕೊಂಡು ಹೋದವು. ಯಾರ ಮೇಲೆ ಆರೋಪ ಬಂದಿತ್ತೋ ಅವರೇ ಆ ಮತಗಳನ್ನು ಹೊತ್ತು ಹೊರಗೆ ಹೋದರೆಂದರೆ, ಮತದಾರನು ಆರೋಪಕ್ಕೆ ದಂಡನೆ ವಿಧಿಸಿದನೆಂದು ಹೇಗೆ ಹೇಳುವುದು? 2014ರ ಆರಂಭದಲ್ಲಿ ಅವರು ಹಿಂದಿರುಗಿ ಬಂದರು. ಅದೇ ಮೇ ತಿಂಗಳಲ್ಲಿ ಪಕ್ಷವು ಕರ್ನಾಟಕದ 28 ಲೋಕಸಭಾ ಸ್ಥಾನಗಳಲ್ಲಿ 17ನ್ನು ಗೆದ್ದಿತು. 2016ರಲ್ಲಿ ಸಿ.ಬಿ.ಐ. ನ್ಯಾಯಾಲಯವು ಅವರನ್ನು ಗಣಿ ಕಂಪನಿಯ ದೇಣಿಗೆಯ ಮೊಕದ್ದಮೆಯಿಂದ ಬಿಡುಗಡೆ ಮಾಡಿತು. ಹಗರಣವು ಮತದಾರನ ಮನಸ್ಸನ್ನು ಒಡೆಯುವುದಕ್ಕೆ ಬಹಳ ಮುಂಚೆ ಪಕ್ಷದ ಗೋಡೆಯನ್ನು ಒಡೆಯುತ್ತದೆ. ಗೋಡೆ ಒಡೆಯದಿದ್ದರೆ ಹಗರಣಕ್ಕೆ ಚುನಾವಣೆಯಲ್ಲಿ ಬೆಲೆಯಿಲ್ಲ.

ಇದಕ್ಕೆ ಹಿಂದಿನ ಸಾಕ್ಷಿಗಳೂ ಇವೆ. ದೇವರಾಜ ಅರಸರ ಮೇಲೆ 1977ರಲ್ಲಿ ಕೇಂದ್ರದ ಜನತಾ ಸರ್ಕಾರವು ಗ್ರೋವರ್ ಆಯೋಗವನ್ನು ನೇಮಿಸಿತು. ಆ ವರ್ಷದ ಕೊನೆಯ ದಿನ ಅವರ ಸರ್ಕಾರವನ್ನೂ ವಜಾ ಮಾಡಿತು. ಎರಡೇ ತಿಂಗಳಲ್ಲಿ, 1978ರ ಫೆಬ್ರವರಿಯಲ್ಲಿ, ಅರಸರು 224ರಲ್ಲಿ 149 ಸ್ಥಾನಗಳನ್ನು ಗೆದ್ದು ಹಿಂದಿರುಗಿದರು. ಗೇಣಿದಾರನಿಗೆ ಭೂಮಿ ಕೊಟ್ಟವರು ಆಯೋಗದ ಕಟಕಟೆಯಲ್ಲಿ ನಿಂತರೆ, ಗೇಣಿದಾರನು ನೋಡುವುದು ಕಟಕಟೆಯನ್ನಲ್ಲ, ತನ್ನ ಗದ್ದೆಯನ್ನು. ಅದೇ ನವೆಂಬರಿನಲ್ಲಿ ಶಾ ಆಯೋಗದ ವಿಚಾರಣೆಯನ್ನು ಎದುರಿಸಿದ್ದ ಶ್ರೀಮತಿ ಇಂದಿರಾ ಗಾಂಧಿಯವರು ಚಿಕ್ಕಮಗಳೂರಿನಲ್ಲಿ ವೀರೇಂದ್ರ ಪಾಟೀಲರನ್ನು ಎಪ್ಪತ್ತು ಸಾವಿರಕ್ಕೂ ಹೆಚ್ಚು ಮತಗಳಿಂದ ಸೋಲಿಸಿದರು.

1989ರದು ಇನ್ನೂ ಸ್ವಾರಸ್ಯದ ಕಥೆ. ಬೊಫೋರ್ಸ್ ಫಿರಂಗಿಗಳ ದಲ್ಲಾಳಿ ಹಣದ ಗುಲ್ಲು ದೇಶವನ್ನೆಲ್ಲ ನಡುಗಿಸಿ, ರಾಜೀವ ಗಾಂಧಿಯವರ ಪಕ್ಷವನ್ನು ನಾನ್ನೂರಕ್ಕೂ ಹೆಚ್ಚು ಸ್ಥಾನಗಳಿಂದ 197ಕ್ಕೆ ತಂದಿಳಿಸಿತು. ಉತ್ತರ ಭಾರತದಲ್ಲಿ ವಿ. ಪಿ. ಸಿಂಗರು ಪಕ್ಷದಿಂದ ಸಿಡಿದು ಹೊರಬಂದು ವಿರೋಧಿಗಳನ್ನು ಒಟ್ಟುಗೂಡಿಸಿದ್ದರು. ಅದೇ ಬೊಫೋರ್ಸು, ಅದೇ ಪತ್ರಿಕೆಗಳು, ಆದರೆ ಕರ್ನಾಟಕದಲ್ಲಿ ಕಾಂಗ್ರೆಸ್ಸು 28ರಲ್ಲಿ 27 ಸ್ಥಾನಗಳನ್ನು ಬಾಚಿಕೊಂಡಿತು! ಕಾರಣ, ನಮ್ಮಲ್ಲಿ ಒಡೆದುಹೋದುದು ಜನತಾ ಪರಿವಾರ. ರಾಮಕೃಷ್ಣ ಹೆಗಡೆಯವರು 1988ರಲ್ಲಿ ದೂರವಾಣಿ ಕದ್ದಾಲಿಕೆಯ ಹಗರಣದಲ್ಲಿ ಪದವಿ ಬಿಟ್ಟರು. ಬೊಮ್ಮಾಯಿಯವರ ಸರ್ಕಾರ 1989ರ ಏಪ್ರಿಲಿನಲ್ಲಿ ವಜಾ ಆಯಿತು. ದೇವೇಗೌಡರು ಬೇರೆ ದಾರಿ ಹಿಡಿದರು.

ಪುನಃ ಬಂಗಾಳಕ್ಕೆ ಬರೋಣ. 2016ರ ಮಾರ್ಚ್ 14ರಂದು, ವಿಧಾನಸಭಾ ಚುನಾವಣೆಗೆ ಮೂರು ವಾರವಿರುವಾಗ, ನಾರದಾ ಎಂಬ ಸುದ್ದಿಸಂಸ್ಥೆಯು ಎರಡು ವರ್ಷ ಹಿಂದೆ ಗುಪ್ತವಾಗಿ ತೆಗೆದ ಚಿತ್ರಗಳನ್ನು ಹೊರಗೆಡವಿತು. ಆಳುವ ಪಕ್ಷದ ಹಿರಿಯ ಮುಖಂಡರು ನೋಟಿನ ಕಟ್ಟುಗಳನ್ನು ಸ್ವೀಕರಿಸುವಂತೆ ಅವುಗಳಲ್ಲಿ ಕಂಡುಬಂತು. ಇದು ಪಿತೂರಿಯೆಂದು ಪಕ್ಷವು ಹೇಳಿತು. ಆ ಮಾತಿನ ಸತ್ಯಾಸತ್ಯತೆಯನ್ನು ನಿರ್ಣಯಿಸುವುದು ನ್ಯಾಯಾಲಯದ ಕೆಲಸ, ನಮ್ಮದಲ್ಲ. ಮಾರ್ಚಿ 31ರಂದು ಬಡಾಬಜಾರಿನ ವಿವೇಕಾನಂದ ರಸ್ತೆಯ ಮೇಲೆ ಕಟ್ಟುತ್ತಿದ್ದ ಮೇಲ್ಸೇತುವೆ ಕುಸಿದು ಇಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತರು. ಮಮತಾ ಬ್ಯಾನರ್ಜಿಯವರು ಆಗ ಮಾಡಿದ ಪ್ರಚಾರದ ಜಾಣ್ಮೆಯನ್ನು ಯಾರೂ ಅಲ್ಲಗಳೆಯಲಾರರು. 294 ಕ್ಷೇತ್ರಗಳಲ್ಲಿಯೂ ತಾವೇ ಉಮೇದುವಾರರೆಂದು ಭಾವಿಸಿ ಮತ ಕೊಡಿರೆಂದು ಅವರು ಕೇಳಿಕೊಂಡರು. ಅಂದರೆ ಚಿತ್ರದಲ್ಲಿ ಕಂಡವರ ಹೆಸರನ್ನು ಮರೆತು, ಚಿತ್ರದಲ್ಲಿ ಕಾಣದವರಿಗೆ ಮತವೆಂದಂತಾಯಿತು. ಫಲಿತಾಂಶದಲ್ಲಿ 2011ರ 184 ಸ್ಥಾನಗಳು 211ಕ್ಕೆ ಏರಿದವು. ಚಿತ್ರದಲ್ಲಿ ಹೆಸರು ಕೇಳಿಬಂದವರ ಪೈಕಿ ಸುಬ್ರತ ಮುಖರ್ಜಿ, ಫಿರ್‌ಹಾದ್ ಹಕೀಂ, ಶೋಭನ್ ಚಟರ್ಜಿ, ಸುವೇಂದು ಅಧಿಕಾರಿ ಇವರೆಲ್ಲರೂ ಗೆದ್ದರು. ಶಾರದಾ ಮೊಕದ್ದಮೆಯಲ್ಲಿ ಸೆರೆಮನೆಯಲ್ಲಿದ್ದುಕೊಂಡೇ ಕಾಮಾರ್‌ಹಾಟಿಯಲ್ಲಿ ನಿಂತಿದ್ದ ಮದನ್ ಮಿತ್ರರು ಮಾತ್ರ ನಾಲ್ಕು ಸಾವಿರ ಚಿಲ್ಲರೆ ಮತಗಳಿಂದ ಸೋತರು. 2021ರಲ್ಲಿ ಅದೇ ಕಾಮಾರ್‌ಹಾಟಿ ಅವರನ್ನು ಆರಿಸಿ ಕಳುಹಿಸಿತು.

ಆ ಹೊತ್ತಿಗೆ ಗೋಡೆ ಬಿರುಕು ಬಿಟ್ಟಿತ್ತು. ಮುಕುಲ್ ರಾಯರು 2017ರಲ್ಲಿ, ಸುವೇಂದು ಅಧಿಕಾರಿಯವರು 2020ರ ಡಿಸೆಂಬರಿನಲ್ಲಿ ಭಾರತೀಯ ಜನತಾ ಪಕ್ಷವನ್ನು ಸೇರಿದರು. ಅಧಿಕಾರಿಯವರು ನಂದಿಗ್ರಾಮದಲ್ಲಿ ಮಮತಾ ಅವರನ್ನೇ 1,956 ಮತಗಳಿಂದ ಸೋಲಿಸಿದರು. ಯಾವ ಪಕ್ಷವು ನಾರದಾ ಚಿತ್ರಗಳನ್ನು ತೋರಿಸಿ ಮತ ಕೇಳಿತ್ತೋ, ಅದೇ ಪಕ್ಷದ ವೇದಿಕೆಯ ಮೇಲೆ ಆ ಚಿತ್ರಗಳಲ್ಲಿ ಹೆಸರು ಕೇಳಿಬಂದವರೂ ಕಾಣಿಸಿಕೊಂಡ ಮೇಲೆ, ಆ ಚಿತ್ರಗಳಿಗೆ ಪ್ರಚಾರದಲ್ಲಿ ಬೆಲೆ ಉಳಿಯುವುದಾದರೂ ಹೇಗೆ? ಎದುರುಸಾಲಿನ ಹೋಟೆಲಿಗೆ ಅದೇ ಅಡಿಗೆಭಟ್ಟನು ಸೇರಿಕೊಂಡಂತಾಯಿತು.

ತೀರ ಈಚೆಗೆ ಬಂದರೆ, ಶಿಕ್ಷಕರ ನೇಮಕದ ಹಗರಣ. 2022ರ ಜುಲೈಯಲ್ಲಿ ಮಂತ್ರಿ ಪಾರ್ಥ ಚಟರ್ಜಿಯವರ ಬಂಧನವಾಯಿತು. ಅವರ ಆಪ್ತರೊಬ್ಬರ ಮನೆಗಳಲ್ಲಿ ಸಿಕ್ಕಿದ ಸುಮಾರು 50 ಕೋಟಿ ರೂಪಾಯಿಗಳ ನೋಟಿನ ರಾಶಿಯನ್ನು ದೇಶವೇ ಟೆಲಿವಿಷನ್ನಿನಲ್ಲಿ ನೋಡಿತು. 2024ರ ಏಪ್ರಿಲ್ 22ರಂದು, ಲೋಕಸಭಾ ಮತದಾನದ ಎರಡು ಹಂತಗಳ ನಡುವೆ, ಕಲ್ಕತ್ತಾ ಹೈಕೋರ್ಟು 25,753 ನೇಮಕಗಳನ್ನು ಒಮ್ಮೆಗೇ ರದ್ದುಗೊಳಿಸಿತು. ಪ್ರಾಮಾಣಿಕವಾಗಿ ಪರೀಕ್ಷೆ ಪಾಸಾದವರೂ ಅವರಲ್ಲಿ ಸೇರಿದ್ದರು. ಎಲೆಯಲ್ಲಿ ಕಲ್ಲು ಸಿಕ್ಕುವುದೆಂದರೆ ಇದೇ. ಆದರೂ ತೃಣಮೂಲ ಕಾಂಗ್ರೆಸ್ಸಿನ ಸ್ಥಾನಗಳು 22ರಿಂದ 29ಕ್ಕೆ ಏರಿದವು, ಭಾಜಪದವು 18ರಿಂದ 12ಕ್ಕೆ ಇಳಿದವು. ಕೆಲಸ ಹೋದುದು ಇಪ್ಪತ್ತಾರು ಸಾವಿರ ಮನೆಗಳಲ್ಲಿ. ‘ಲಕ್ಷ್ಮೀರ್ ಭಂಡಾರ್’ ಯೋಜನೆಯ ಮಾಸಾಶನವು 500ರಿಂದ 1,000 ರೂಪಾಯಿಗೆ ಏರಿದುದು ಲಕ್ಷಗಟ್ಟಲೆ ಮನೆಗಳಲ್ಲಿ. ಮನೆಯ ಯಜಮಾನ್ತಿಯು ಈ ಎರಡನ್ನೂ ತೂಗಿ ನೋಡಿದಳೆಂದರೆ ಅವಳನ್ನು ಅವಿವೇಕಿಯೆನ್ನುವುದು ಹೊಟ್ಟೆ ತುಂಬಿದವರ ಮಾತು. 2025ರ ಏಪ್ರಿಲ್ 3ರಂದು ಸುಪ್ರೀಂ ಕೋರ್ಟು ಹೈಕೋರ್ಟಿನ ತೀರ್ಪನ್ನು ಎತ್ತಿಹಿಡಿದ ಬಳಿಕ, ಕೆಲಸ ಕಳೆದುಕೊಂಡ ಮಾಸ್ತರರು ಈ ನಗರದ ರಸ್ತೆಗಳಲ್ಲಿ ಕುಳಿತು ಪ್ರತಿಭಟಿಸಿದುದನ್ನು ನಮ್ಮ ಓದುಗರಲ್ಲಿ ಅನೇಕರು ಕಂಡಿದ್ದಾರೆ.

ಹಾಗಾದರೆ ಕರ್ನಾಟಕದ 2023ರ ಚುನಾವಣೆ? ನಲವತ್ತು ಪರ್ಸೆಂಟ್ ಕಮಿಷನ್ನಿನ ಮಾತು ಹಳ್ಳಿಯ ಚಹಾದಂಗಡಿಯನ್ನೂ ಬಿಡಲಿಲ್ಲ. ಗುತ್ತಿಗೆದಾರರ ಸಂಘವು 2021ರಲ್ಲಿ ಪ್ರಧಾನಿಗಳಿಗೆ ಪತ್ರ ಬರೆಯಿತು. 2022ರ ಏಪ್ರಿಲಿನಲ್ಲಿ ಬೆಳಗಾವಿಯ ಗುತ್ತಿಗೆದಾರರೊಬ್ಬರು ಉಡುಪಿಯ ವಸತಿಗೃಹದಲ್ಲಿ ಜೀವ ಕಳೆದುಕೊಂಡರು. ಮಂತ್ರಿ ಈಶ್ವರಪ್ಪನವರು ರಾಜೀನಾಮೆ ಕೊಟ್ಟರು. ಪೊಲೀಸರು ತರುವಾಯ ಅವರ ಮೇಲಿನ ಆರೋಪಕ್ಕೆ ಆಧಾರವಿಲ್ಲವೆಂದು ವರದಿ ಸಲ್ಲಿಸಿದರು. ‘ಪೇಸಿಎಂ’ ಎಂಬ ಭಿತ್ತಿಪತ್ರಗಳು ಬೆಂಗಳೂರಿನ ಗೋಡೆಗಳನ್ನು ತುಂಬಿದವು. ಕಾಂಗ್ರೆಸ್ಸು 135 ಸ್ಥಾನಗಳನ್ನು ಗೆದ್ದಿತು, ಭಾಜಪವು 104ರಿಂದ 66ಕ್ಕೆ ಇಳಿಯಿತು. ಇಲ್ಲಿಯೂ ಮತದ ಪ್ರಮಾಣವನ್ನು ನೋಡಬೇಕು. 2018ರಲ್ಲಿ ಭಾಜಪಕ್ಕೆ ನೂರಕ್ಕೆ 36 ಮತಗಳು, 2023ರಲ್ಲಿಯೂ 36! ಕಾಂಗ್ರೆಸ್ಸು ಐದು ಮತ ಏರಿತು, ಜಾತ್ಯತೀತ ಜನತಾದಳ ಐದು ಮತ ಇಳಿಯಿತು. ಗುತ್ತಿಗೆದಾರರು ಸತ್ತ ಉಡುಪಿ ಜಿಲ್ಲೆಯ ಐದು ಸ್ಥಾನಗಳನ್ನೂ ಭಾಜಪವೇ ಗೆದ್ದಿತು. ಸೋಲಿಗೆ ಹಗರಣವೊಂದೇ ಕಾರಣವೆನ್ನುವವರು ಈ ಅಂಕಿಗಳಿಗೆ ಉತ್ತರ ಹೇಳಬೇಕು. ಇನ್ನು 2024ರಲ್ಲಿ ವಾಲ್ಮೀಕಿ ನಿಗಮದ ಹಣದ ಹಗರಣದಲ್ಲಿ ಕಾಂಗ್ರೆಸ್ಸಿನ ಮಂತ್ರಿ ಬಿ. ನಾಗೇಂದ್ರರು ರಾಜೀನಾಮೆ ಕೊಟ್ಟರು. ಮೈಸೂರಿನ ಮುಡಾ ನಿವೇಶನಗಳ ವಿಷಯದಲ್ಲಿ ಮುಖ್ಯಮಂತ್ರಿಗಳ ಮೇಲೆಯೇ ಮೊಕದ್ದಮೆ ದಾಖಲಾಯಿತು. ಅದೇ ನವೆಂಬರಿನ ಉಪಚುನಾವಣೆಗಳಲ್ಲಿ ಸಂಡೂರು, ಚನ್ನಪಟ್ಟಣ, ಶಿಗ್ಗಾಂವಿ ಮೂರನ್ನೂ ಕಾಂಗ್ರೆಸ್ಸು ಗೆದ್ದಿತು. ಒಂದು ಪಕ್ಷಕ್ಕೆ ಅನ್ವಯಿಸಿದ ಅಳತೆಗೋಲು ಇನ್ನೊಂದಕ್ಕೂ ಅನ್ವಯಿಸುತ್ತದೆ.

ಮೊಕದ್ದಮೆಗಳ ನಿಧಾನವನ್ನು ಕುರಿತು ಒಂದು ಮಾತು ಹೇಳಲೇಬೇಕು. ಛಾಗ್ಲಾ ಅವರ ವಿಚಾರಣೆ ವಾರಗಳಲ್ಲಿ ಮುಗಿಯಿತು. ನಾರದಾ ಚಿತ್ರಗಳು ಹೊರಬಂದುದು 2016ರಲ್ಲಿ, ಸಿ.ಬಿ.ಐ. ಮೊಕದ್ದಮೆ ಹೂಡಿದುದು 2017ರಲ್ಲಿ. ಹಕೀಂ, ಮುಖರ್ಜಿ, ಮಿತ್ರ, ಚಟರ್ಜಿ ಇವರನ್ನು ಬಂಧಿಸಿದುದು 2021ರ ಮೇ 17ರಂದು, ಇನ್ನೊಂದು ಚುನಾವಣೆಯೂ ಮುಗಿದ ಹದಿನೈದು ದಿನಗಳ ಮೇಲೆ. ಆರೋಪಿಯು ಕಳ್ಳನೋ ಸಾಚನೋ ಎಂಬುದನ್ನು ನ್ಯಾಯಾಲಯವು ಹೇಳದಿರುವಾಗ, ಅದನ್ನು ಮತದಾರನು ಹೇಳಲೆಂದು ನಾವು ನಿರೀಕ್ಷಿಸುತ್ತೇವೆ. ಆರೋಪ ಹೊತ್ತವರು ಗೆದ್ದು ಬಂದ ಮೇಲೆ, ಜನತೆಯ ನ್ಯಾಯಾಲಯವು ತಮ್ಮನ್ನು ನಿರ್ದೋಷಿಗಳೆಂದು ಸಾರಿತೆನ್ನುತ್ತಾರೆ. ಜನತೆಯು ಅಂಥ ತೀರ್ಪನ್ನು ಕೊಟ್ಟಿರುವುದಿಲ್ಲ. ಇರುವ ಎರಡು ಮೂರು ಬಾಗಿಲುಗಳಲ್ಲಿ ಒಂದನ್ನು ತಟ್ಟಿರುತ್ತದೆ, ಅಷ್ಟೆ.

ಮತದಾರನ ಕೈಗೆ ಸ್ವಲ್ಪವಾದರೂ ಮಾಹಿತಿ ಸಿಗಲೆಂದು ಸುಪ್ರೀಂ ಕೋರ್ಟು ಮಾಡಿದ ಏರ್ಪಾಡೊಂದಿದೆ. 2002 ಮತ್ತು 2003ರ ತೀರ್ಪುಗಳ ಪ್ರಕಾರ ಉಮೇದುವಾರನು ತನ್ನ ಆಸ್ತಿಯನ್ನೂ ತನ್ನ ಮೇಲಿನ ಮೊಕದ್ದಮೆಗಳನ್ನೂ ಪ್ರಮಾಣಪತ್ರದಲ್ಲಿ ಘೋಷಿಸಬೇಕು. 2018ರ ತೀರ್ಪಿನ ಮೇಲೆ, ಮೊಕದ್ದಮೆಗಳ ವಿವರವನ್ನು ಪ್ರಚಾರಾವಧಿಯಲ್ಲಿ ಮೂರು ಸಲ ವೃತ್ತಪತ್ರಿಕೆಗಳಲ್ಲಿಯೂ ಪ್ರಕಟಿಸಬೇಕು. 2020ರಿಂದ, ಮೊಕದ್ದಮೆಯುಳ್ಳವನನ್ನೇ ಏಕೆ ಆರಿಸಿದಿರೆಂಬುದಕ್ಕೆ ಪಕ್ಷವೂ ಕಾರಣ ಕೊಡಬೇಕು. ಗೆಲ್ಲುವ ಸಾಮರ್ಥ್ಯವೊಂದನ್ನೇ ಕಾರಣವೆಂದು ಹೇಳುವಂತಿಲ್ಲ.

ಈ ಪ್ರಕಟಣೆಗಳು ಬರುವುದು ಹೇಗೆಂಬುದನ್ನು ಗಲ್ಲಾದಿಂದ ಸಂಪಾದಕರ ಮೇಜಿಗೆ ಬಂದ ಮೇಲೆ ನಾವು ಹತ್ತಿರದಿಂದ ನೋಡಿದ್ದೇವೆ. ಪತ್ರಿಕೆಗಳ ಒಳಪುಟದಲ್ಲಿ, ಟೆಂಡರು ಪ್ರಕಟಣೆ ಮತ್ತು ಹೆಸರು ಬದಲಾವಣೆಯ ಅಫಿಡವಿಟ್ಟುಗಳ ಪಕ್ಕದಲ್ಲಿ, ಕನ್ನಡಕವಿಲ್ಲದೆ ಓದಲಾಗದ ಅಕ್ಷರಗಳಲ್ಲಿ ಅವು ಕುಳಿತಿರುತ್ತವೆ. ಅದೇ ಉಮೇದುವಾರನ ಕೈಮುಗಿದ ಭಾವಚಿತ್ರ ಅದೇ ದಿನದ ಮುಖಪುಟದಲ್ಲಿ ಅರ್ಧ ಪುಟ ತುಂಬಿರುತ್ತದೆ. ಎರಡಕ್ಕೂ ಹಣ ಕೊಟ್ಟವನು ಅವನೇ.